ಕಿವಿಗೊಂದು ಉಡುಗೊರೆ

ಹದಿಮೂರು ದಾಟಿದ ಮಕ್ಕಳು ಕೇಳುವ ಉಡುಗೊರೆಗಳ ಪಟ್ಟಿ ಈಗ ಬಲು ಚಿಕ್ಕದು. ಮೊದಲನೆಯದು ಮೊಬೈಲ್, ಎರಡನೆಯದೂ ಮೊಬೈಲ್. ಅಂಥ ಕಾಲದಲ್ಲಿ ಒಂಬತ್ತನೇ ತರಗತಿಯ ನನ್ನ ಮೊಮ್ಮಗಳು, “ತಾತ, ಹಾಡು ಕೇಳೋಕೆ ಒಂದು ಪುಟ್ಟ ಪ್ಲೇಯರ್ ಕೊಡಿಸ್ತೀಯಾ? ಫೋನ್ ಬೇಡ” ಎಂದು ಕೇಳಿದ್ದು ನಮ್ಮ ಮನೆಯಲ್ಲಿ ಎಲ್ಲರಿಗೂ ಸೋಜಿಗ.

ಅವಳು ಹಾಡು ಕಲಿಯುತ್ತಿದ್ದಾಳೆ. ಪಾಠದ ಧ್ವನಿಮುದ್ರಣಗಳೆಲ್ಲ ಅವಳ ಅಮ್ಮನ ಫೋನಿನಲ್ಲಿವೆ. ಅಮ್ಮ ಕೆಲಸಕ್ಕೆ ಹೊರಟರೆ ಪಾಠವೂ ಜೊತೆಗೇ ಹೊರಡುತ್ತದೆ. ಸಂಜೆ ಫೋನ್ ಕೈಗೆ ಸಿಕ್ಕರೂ ನಡುವೆ ಒಂದು ಕರೆ, ಒಂದು ಮೆಸೇಜು, ಒಂದು ಜಾಹೀರಾತು. “ಪಾಠ ಕೇಳೋಣ ಅಂತ ತಗೊಂಡಿರ್ತೀನಿ ತಾತ, ಅರ್ಧ ಗಂಟೆ ಆದ್ಮೇಲೆ ನೋಡಿದ್ರೆ ಇನ್ನೇನೋ ವಿಡಿಯೊ ನೋಡ್ತಾ ಕೂತಿರ್ತೀನಿ” ಎಂದಳು. ಹದಿನಾಲ್ಕರ ಹುಡುಗಿ ತಾನೇ ಇಷ್ಟು ಯೋಚಿಸಿದ್ದಾಳೆಂದರೆ ಕೊಡಿಸದೆ ಇರುವುದು ಹೇಗೆ?

ಆದರೆ ನನ್ನದೂ ಒಂದು ಷರತ್ತಿತ್ತು. ಆರಿಸುವಾಗ ಮೊದಲ ಮಾತು ಕಿವಿಯದು, ಆಮೇಲೆ ಉಳಿದದ್ದು. ದೊಡ್ಡಬಳ್ಳಾಪುರದ ಮಗ್ಗದ ಶೆಡ್ಡುಗಳಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ಈಗ ಎರಡೂ ಕಿವಿಗೆ ಶ್ರವಣ ಯಂತ್ರ ಹಾಕಿಕೊಳ್ಳುತ್ತೇನೆ. ಕಿವಿಯ ಬೆಲೆ ಏನೆಂದು ನನಗೆ ಚೆನ್ನಾಗಿ ಗೊತ್ತು.

ಡಬ್ಬಿಯೊಳಗೆ ಹಾಡು ಬಂದ ದಾರಿ

ಮಕ್ಕಳೇ, ಜೇಬಿನಲ್ಲಿ ಹಾಡು ಇಟ್ಟುಕೊಂಡು ಓಡಾಡುವುದು ಇತ್ತೀಚಿನ ಸಂಗತಿ. ನಮ್ಮ ಹುಡುಗತನದಲ್ಲಿ ಇದ್ದದ್ದು ರೇಡಿಯೊ. ಅದು ಹಾಡಿದಾಗ ನಾವು ಕೇಳಬೇಕಿತ್ತು, ನಾವು ಹೇಳಿದಾಗ ಅದು ಹಾಡುತ್ತಿರಲಿಲ್ಲ.

1979ರ ಜುಲೈ 1ರಂದು ಜಪಾನಿನ ಸೋನಿ ಕಂಪನಿ ‘ವಾಕ್‌ಮನ್’ ಮಾರಾಟಕ್ಕೆ ತಂದಿತು. ಕ್ಯಾಸೆಟ್ ಹಾಕಿ, ಹೆಡ್‌ಫೋನ್ ಸಿಕ್ಕಿಸಿ, ನಡೆಯುತ್ತಲೇ ಕೇಳುವ ಯಂತ್ರ. ಆ ಮೊದಲ ಮಾದರಿಯಲ್ಲಿ ಒಂದು ವಿಶೇಷವಿತ್ತು. ಇಬ್ಬರು ಒಟ್ಟಿಗೆ ಕೇಳಲೆಂದು ಹೆಡ್‌ಫೋನಿಗೆ ಎರಡು ತೂತುಗಳಿದ್ದವು. ಜೊತೆಗೆ ಒಂದು ಕಿತ್ತಳೆ ಬಣ್ಣದ ಬಟನ್. ಅದನ್ನು ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಪುಟ್ಟ ಮೈಕಿನ ಮೂಲಕ ಕಿವಿಗೆ ಬರುತ್ತಿತ್ತು. ಕಿವಿ ಮುಚ್ಚಿ ಒಬ್ಬರೇ ಕೇಳುವುದು ಪಕ್ಕದವರಿಗೆ ಅಗೌರವ ಎನಿಸೀತೆಂಬ ಅಳುಕು ಅದನ್ನು ಮಾಡಿದವರಿಗೇ ಇತ್ತು. ಮುಂದೆ ಬಂದ ಮಾದರಿಗಳಲ್ಲಿ ಆ ಬಟನ್ ಇಲ್ಲವಾಯಿತು.

ಆಮೇಲೆ ಹಾಡು ಕ್ಯಾಸೆಟ್ ಬಿಟ್ಟು ಅಂಕಿಗಳಾಯಿತು. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಎಂಜಿನಿಯರುಗಳು ರೂಪಿಸುತ್ತಿದ್ದ ಫೈಲಿಗೆ 1995ರ ಜುಲೈಯಲ್ಲಿ ‘ಎಂಪಿ3’ ಎಂಬ ಹೆಸರು ಬಿತ್ತು. 1998ರಲ್ಲಿ ದಕ್ಷಿಣ ಕೊರಿಯಾದಿಂದ ‘ಎಂಪಿಮ್ಯಾನ್’ ಎಂಬ ಪುಟ್ಟ ಪ್ಲೇಯರ್ ಬಂತು. 2001ರ ಅಕ್ಟೋಬರಿನಲ್ಲಿ ಆ್ಯಪಲ್ ಕಂಪನಿ 5 ಜಿಬಿಯ ‘ಐಪಾಡ್’ ತೋರಿಸಿ, ಜೇಬಿನಲ್ಲಿ ಸಾವಿರ ಹಾಡು ಹಿಡಿಸುತ್ತದೆ ಎಂದಿತು. ಫೋನುಗಳೇ ಹಾಡತೊಡಗಿದ ಮೇಲೆ ಇಂಥ ಪ್ಲೇಯರ್‌ಗಳಿಗೆ ಗಿರಾಕಿ ಕಡಿಮೆಯಾಯಿತು. 2022ರಲ್ಲಿ ಐಪಾಡ್ ತಯಾರಿಕೆ ನಿಂತಿತು. ಆದರೂ ಪ್ಲೇಯರ್‌ಗಳು ಪೂರಾ ಮಾಯವಾಗಿಲ್ಲ. ಹುಡುಕಿದರೆ ಸಿಗುತ್ತವೆ.

ಮಗ್ಗದವನು ಹೇಳುವ ಎಂಪಿ3 ಪಾಠ

“ಇಷ್ಟು ಚಿಕ್ಕ ಡಬ್ಬೀಲಿ ಸಾವಿರಾರು ಹಾಡು ಹೇಗೆ ಕೂರುತ್ತೆ?” ಎಂದು ಮೊಮ್ಮಗಳು ಕೇಳಿದಾಗ ನಾನು ಸೀರೆಯ ಉದಾಹರಣೆ ಕೊಟ್ಟೆ.

ಒಳ್ಳೆಯ ಬಟ್ಟೆಯನ್ನು ನಾವು ಎಳೆಗಳ ಲೆಕ್ಕದಲ್ಲಿ ಅಳೆಯುತ್ತೇವೆ. ಎಳೆ ಒತ್ತಾಗಿದ್ದಷ್ಟೂ ಬಟ್ಟೆ ನಯ, ತೂಕವೂ ಹೆಚ್ಚು. ಸಿಡಿಯಲ್ಲಿರುವ ಹಾಡೂ ಹಾಗೆಯೇ. ಅಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಸಲ ಅಳೆದು ಬರೆದಿಟ್ಟಿರುತ್ತಾರೆ, ಅದೂ ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಹಾಗಾಗಿ ಐದು ನಿಮಿಷದ ಹಾಡಿಗೆ ಸುಮಾರು 53 ಎಂಬಿ ಜಾಗ ಬೇಕು.

ಎಂಪಿ3 ಮಾಡುವ ಉಪಾಯ ಬೇರೆ. ಮಗ್ಗ ಓಡುವಾಗ ಗೋಡೆ ಗಡಿಯಾರದ ಟಿಕ್‌ಟಿಕ್ ಕೇಳಿಸುತ್ತದೆಯೇ? ಇಲ್ಲ. ಗಡಿಯಾರ ನಿಂತಿಲ್ಲ, ದೊಡ್ಡ ಸದ್ದಿನ ಅಡಿಯಲ್ಲಿ ಅದರ ಸದ್ದು ಮುಚ್ಚಿಹೋಗಿದೆ. ಹಾಡಿನಲ್ಲೂ ಹೀಗೆ ಮುಚ್ಚಿಹೋಗುವ ಸದ್ದುಗಳು ಬಹಳ. ನಮ್ಮ ಕಿವಿಗೆ ಹೇಗೂ ಸಿಗದ ಅಂಥ ಎಳೆಗಳನ್ನು ಎಂಪಿ3 ಹುಡುಕಿ ತೆಗೆದುಬಿಡುತ್ತದೆ. ಸಾಧಾರಣ ಗುಣಮಟ್ಟವೆನ್ನಬಹುದಾದ 128 ಕೆಬಿಪಿಎಸ್‌ನಲ್ಲಿ ಅದೇ ಐದು ನಿಮಿಷದ ಹಾಡು 4.8 ಎಂಬಿಗೆ ಇಳಿಯುತ್ತದೆ, ಹನ್ನೊಂದರಲ್ಲಿ ಒಂದು ಪಾಲು! 320 ಕೆಬಿಪಿಎಸ್‌ನಲ್ಲಿ ಉಳಿಸಿದರೆ 12 ಎಂಬಿ ಆಗುತ್ತದೆ, ಆದರೆ ಎಳೆ ಹೆಚ್ಚು ಉಳಿದಿರುತ್ತದೆ.

ಈ ಲೆಕ್ಕ ಗೊತ್ತಿದ್ದರೆ ಅಂಗಡಿಯಲ್ಲಿ ಯಾರೂ ನಿಮ್ಮನ್ನು ಯಾಮಾರಿಸಲಾರರು. ಹಳೆಯ ಎಂಪಿಮ್ಯಾನ್‌ನಲ್ಲಿ ಇದ್ದದ್ದು 32 ಎಂಬಿ, ಅಂದರೆ ಇಂಥ ಆರು ಹಾಡು. 16 ಜಿಬಿಗೆ 128 ಕೆಬಿಪಿಎಸ್‌ನಲ್ಲಿ ಮೂರು ಸಾವಿರಕ್ಕೂ ಹೆಚ್ಚು, 320ರಲ್ಲಿ ಸುಮಾರು ಸಾವಿರದ ಮುನ್ನೂರು. ದಿನಕ್ಕೊಂದು ಗಂಟೆ ಕೇಳುವ ಮಗುವಿಗೆ 16 ಜಿಬಿ ಧಾರಾಳ. ನೆನಪಿಡಿ, ಡಬ್ಬಿಯ ಮೇಲೆ 16 ಎಂದಿದ್ದರೂ ಕಂಪ್ಯೂಟರಿನಲ್ಲಿ 15ಕ್ಕಿಂತ ಕಡಿಮೆ ಕಾಣುತ್ತದೆ. ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಅಂಗಡಿಯಲ್ಲಿ ನಾವು ನೋಡಿದ್ದು

ಬೆಂಗಳೂರಿನ ಎಸ್.ಪಿ. ರಸ್ತೆಗೆ ತಾತ-ಮೊಮ್ಮಗಳು ಒಂದು ಶನಿವಾರ ಹೋದೆವು. ಎಲೆಕ್ಟ್ರಾನಿಕ್ ಸಾಮಾನಿಗೆ ಹೆಸರಾದ ಬೀದಿ. ಐದಾರು ಅಂಗಡಿ ಸುತ್ತಿದೆವು. ಹೋಗುವ ಮೊದಲೇ ಅವಳು ಒಂದು ಮೆಮೊರಿ ಕಾರ್ಡಿಗೆ ನಾಲ್ಕು ಹಾಡು ತುಂಬಿ, ಫೈಲಿನ ಹೆಸರುಗಳನ್ನು ಕನ್ನಡದಲ್ಲೇ ಬರೆದುಕೊಂಡು ಬಂದಿದ್ದಳು. ಆ ಒಂದು ಬುದ್ಧಿವಂತಿಕೆ ನಮ್ಮ ಅರ್ಧ ಕೆಲಸ ಮುಗಿಸಿತು. ಎರಡು ಪ್ಲೇಯರ್‌ಗಳಲ್ಲಿ ಕಾರ್ಡು ಹಾಕಿದರೆ ಕನ್ನಡ ಅಕ್ಷರದ ಜಾಗದಲ್ಲಿ ಸಾಲಾಗಿ ಚೌಕಗಳು! ಹಾಡುತ್ತದೆ, ಆದರೆ ಯಾವ ಹಾಡೆಂದು ಹೇಳುವುದಿಲ್ಲ. ಮೂರನೆಯದರಲ್ಲಿ ಕನ್ನಡ ಸರಿಯಾಗಿ ಮೂಡಿತು.

ವಿಡಿಯೊ ತೋರಿಸುವ ಪ್ಲೇಯರ್ ಬೇಕೇ ಎಂದು ಅಂಗಡಿಯವರು ಕೇಳಿದರು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡ ಪರದೆಯಲ್ಲಿ ಸಿನಿಮಾ ನೋಡಿದರೆ ಕಣ್ಣಿಗೂ ದಣಿವು, ಬ್ಯಾಟರಿಗೂ ದಣಿವು. ಬೇಡವೆಂದೆವು. ಬ್ಲೂಟೂತ್ ಇದ್ದರೆ ಒಳ್ಳೆಯದೇ, ಆದರೆ ಅದನ್ನು ಬಳಸಿದಷ್ಟೂ ಬ್ಯಾಟರಿ ಬೇಗ ಇಳಿಯುತ್ತದೆ. ತಂತಿಯ ಇಯರ್‌ಫೋನ್ ಸಿಕ್ಕಿಸಲು 3.5 ಮಿ.ಮೀ. ತೂತು ಇದೆಯೇ, ಚಾರ್ಜಿಂಗ್‌ಗೆ ಈಗಿನ ಫೋನುಗಳ ಟೈಪ್-ಸಿ ತಂತಿ ಆಗುತ್ತದೆಯೇ ಎಂದು ನೋಡಿಕೊಂಡೆವು. ಜೇಬಿನೊಳಗೇ ಬೆರಳಿಟ್ಟು ನಿಲ್ಲಿಸಬಹುದಾದ ಬಟನ್ ಇರುವುದನ್ನು ಮೊಮ್ಮಗಳು ಇಷ್ಟಪಟ್ಟಳು.

ಕಲಿಯುವ ಮಕ್ಕಳಿಗೆ ಬಹಳ ಉಪಯೋಗವಾಗುವ ಒಂದು ಸೌಲಭ್ಯವಿದೆ, ಅದರ ಹೆಸರು ‘ಎ-ಬಿ ರಿಪೀಟ್’. ಹಾಡಿನಲ್ಲಿ ಒಂದು ಕಡೆ ‘ಎ’ ಗುರುತು, ಇನ್ನೊಂದು ಕಡೆ ‘ಬಿ’ ಗುರುತು ಹಾಕಿದರೆ ನಡುವಿನ ತುಣುಕಷ್ಟೇ ಮತ್ತೆ ಮತ್ತೆ ಬರುತ್ತದೆ. ಕಷ್ಟದ ಸಂಗತಿಯೊಂದನ್ನು ಐವತ್ತು ಸಲ ಹಾಡಿಸಿದರೂ ಪ್ಲೇಯರ್‌ಗೆ ಬೇಸರವಿಲ್ಲ. ಇಂಗ್ಲಿಷ್, ಹಿಂದಿ ಪಾಠದ ಉಚ್ಚಾರಣೆ ಕಲಿಯುವವರಿಗೂ ಇದು ಒಳ್ಳೆಯ ಗುರು.

ಕೆಲವು ಪ್ಲೇಯರ್‌ಗಳಲ್ಲಿ ಎಫ್‌ಎಂ ರೇಡಿಯೊ ಇರುತ್ತದೆ. ಇಯರ್‌ಫೋನಿನ ತಂತಿಯೇ ಅದಕ್ಕೆ ಆಂಟೆನಾ. ತಂತಿ ಸಿಕ್ಕಿಸದೆ ರೇಡಿಯೊ ಹಚ್ಚಿ, ಹಾಳಾಗಿದೆ ಎಂದು ಮೂಲೆಗೆಸೆಯಬೇಡಿ.

ಒಂದು ಅಂಗಡಿಯಲ್ಲಿ 128 ಜಿಬಿ ಮೆಮೊರಿ ಕಾರ್ಡನ್ನು ಉಳಿದ ಕಡೆಯ ಬೆಲೆಯ ಕಾಲುಭಾಗಕ್ಕೆ ಕೊಡುತ್ತೇನೆಂದರು. ಮೊಮ್ಮಗಳು ನನ್ನ ಅಂಗಿಯ ತೋಳು ಜಗ್ಗಿದಳು. ಇಂಥ ಕಾರ್ಡುಗಳಲ್ಲಿ ಮೇಲೆ ಬರೆದದ್ದು ಒಂದು, ಒಳಗಿರುವುದು ಇನ್ನೊಂದು ಆಗಿರುವುದುಂಟು. ತುಂಬಿಸುವಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕೇಳಲು ಹೋದರೆ ಹಾಡುಗಳು ಅರ್ಧಕ್ಕೇ ಕತ್ತರಿಸಿಹೋಗಿರುತ್ತವೆ. ಪ್ಲೇಯರ್ ಎಷ್ಟು ಜಿಬಿಯ ಕಾರ್ಡನ್ನು ಒಪ್ಪುತ್ತದೆ ಎಂದೂ ಕೇಳಬೇಕು. 32 ಜಿಬಿಗಿಂತ ದೊಡ್ಡದನ್ನು ಗುರುತಿಸದ ಪ್ಲೇಯರ್‌ಗಳು ಇಂದಿಗೂ ಇವೆ.

ಕೊನೆಗೆ ಡಬ್ಬಿಯ ಮೇಲೆ ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ವಿಳಾಸ, ಯಾವ ದೇಶದ್ದು ಎಂಬ ವಿವರ, ವಾರಂಟಿ ಎಲ್ಲ ನೋಡಿ, ಬಿಲ್ ಪಡೆದೆವು. ಬಿಲ್ ಇದ್ದರೆ ಮಾತ್ರ ನಾಳೆ ಕೇಳಲು ಬಾಯಿ ಇರುತ್ತದೆ. ಅಂಗಡಿಯವರು ನ್ಯಾಯವಾಗಿ ನಡೆದುಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಕಿವಿಯ ಮಾತು

ಈಗ ನನ್ನ ಷರತ್ತಿಗೆ ಬರುತ್ತೇನೆ.

ಮಗ್ಗದ ಶೆಡ್ಡಿನಲ್ಲಿ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿಯುವ ಸದ್ದು ಒಂದು ಮಗ್ಗಕ್ಕೇ ಸಾಕಷ್ಟು. ಹತ್ತಾರು ಮಗ್ಗ ಒಟ್ಟಿಗೆ ಓಡಿದರೆ 90 ಡೆಸಿಬೆಲ್ ದಾಟುತ್ತದೆ. ನಾವು ಮಾತಾಡುತ್ತಿದ್ದದ್ದು ಕೈಸನ್ನೆಯಲ್ಲಿ, ತುಟಿ ನೋಡಿ. ರಾತ್ರಿ ಮಲಗಿದರೆ ಕಿವಿಯಲ್ಲಿ ‘ಕುಂಯ್’ ಎನ್ನುವ ನಾದ. ಬೆಳಗ್ಗೆ ಹೊತ್ತಿಗೆ ಹೋಗುತ್ತಿತ್ತು. ಕೆಲವು ವರ್ಷಗಳ ಮೇಲೆ ಹೋಗುವುದನ್ನೇ ನಿಲ್ಲಿಸಿತು. ಕಿವಿಗೆ ಏನಾದರೂ ಹಾಕಿಕೊಳ್ಳಿ ಎಂದು ಆಗ ಹೇಳುವವರೇ ಇರಲಿಲ್ಲ.

ಮೊದಲು ಕಳೆದುಹೋದದ್ದು ಸಣ್ಣ, ಚೂಪಾದ ಸದ್ದುಗಳು. ಸೊಳ್ಳೆ ಹಾಡುವುದು ನಿಂತಿತು. ಆಮೇಲೆ ಮಾತಿನೊಳಗಿನ ಅಕ್ಷರಗಳು ಮಸುಕಾದವು. ಮನೆಯಾಕೆ “ಅಕ್ಕ ಬಂದ್ರು” ಎಂದರೆ ನನಗೆ “ಅತ್ತೆ ಬಂದ್ರು” ಎಂದು ಕೇಳಿಸಿ, ನಗೆಪಾಟಲಾಗುತ್ತಿತ್ತು. ದೊಡ್ಡದಾಗಿ ಹೇಳಿದರೂ ಪ್ರಯೋಜನವಿಲ್ಲ. ಸದ್ದು ಕೇಳುತ್ತದೆ, ಮಾತು ಕೇಳುವುದಿಲ್ಲ. ಶ್ರವಣ ಯಂತ್ರದಿಂದ ಬಹಳ ಅನುಕೂಲವಾಗಿದೆ, ಆದರೆ ಹಳೆಯ ಕಿವಿ ತಿರುಗಿ ಬರಲಿಲ್ಲ.

ಯಾಕೆ ಬರುವುದಿಲ್ಲ ಗೊತ್ತೆ ಮಕ್ಕಳೇ? ನಮ್ಮ ಒಳಗಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂತೆ ಸುತ್ತಿದ ಒಂದು ಭಾಗವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದಿನ ಅಲೆ ಬಂದಾಗ ಗಾಳಿಗೆ ಪೈರು ಬಾಗುವಂತೆ ಅವುಗಳ ಮೇಲಿನ ಎಳೆಗಳು ಬಾಗುತ್ತವೆ. ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಬಿರುಗಾಳಿ ಒಂದೇ ಸಮನೆ ಬೀಸಿದರೆ ಪೈರು ಮಲಗಿಬಿಡುತ್ತದೆ. ಗದ್ದೆಯಲ್ಲಾದರೆ ಮತ್ತೆ ಬಿತ್ತಬಹುದು. ಮನುಷ್ಯನ ಕಿವಿಯಲ್ಲಿ ಎರಡನೇ ಬೆಳೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೊಂದು ಲೆಕ್ಕ ಕೊಟ್ಟಿದೆ. ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ಮೀರಬಾರದು, ಮಕ್ಕಳಿಗೆ 75. ಸದ್ದು 3 ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡರಷ್ಟಾಗುತ್ತದೆ, ಆದ್ದರಿಂದ ಕೇಳಬಹುದಾದ ಹೊತ್ತು ಅರ್ಧವಾಗುತ್ತದೆ. ಮಕ್ಕಳಿಗೆ 78 ಡೆಸಿಬೆಲ್ ಆದರೆ ವಾರಕ್ಕೆ 20 ಗಂಟೆ, 81 ಆದರೆ 10, 84 ಆದರೆ 5, 87 ಆದರೆ ಎರಡೂವರೆ ಗಂಟೆ ಮಾತ್ರ. ವಾಲ್ಯೂಮ್ ಪೂರ್ತಿ ಏರಿಸಿದರೆ 100 ಡೆಸಿಬೆಲ್ ದಾಟುವ ಸಾಧನಗಳಿವೆ. ನಮ್ಮ ಶೆಡ್ಡಿಗಿಂತ ಹೆಚ್ಚಿನ ಸದ್ದು, ಅದೂ ಕಿವಿಯ ಬಾಗಿಲಲ್ಲೇ! 12ರಿಂದ 35 ವಯಸ್ಸಿನ ನೂರು ಕೋಟಿಗೂ ಹೆಚ್ಚು ಜನರ ಶ್ರವಣಶಕ್ತಿಗೆ ಇಂಥ ಅಭ್ಯಾಸದಿಂದ ಅಪಾಯವಿದೆ ಎಂದು ಅದೇ ಸಂಸ್ಥೆ ಹೇಳುತ್ತದೆ.

ಹೀಗಾಗಿ ನಾವು ಆರಿಸಿದ್ದು ವಾಲ್ಯೂಮಿಗೆ ಮಿತಿ ಹಾಕುವ ಸೌಲಭ್ಯ ಇರುವ ಪ್ಲೇಯರ್. ಅದನ್ನು ಗರಿಷ್ಠದ ಶೇ. 60ಕ್ಕೆ ನಿಲ್ಲಿಸಿದೆವು. ಮಿತಿ ಹಾಕಿದವಳು ಮೊಮ್ಮಗಳೇ. ನಾನು ಹಾಕಿದ್ದರೆ ಅದು ಬೀಗ, ಅವಳು ಹಾಕಿಕೊಂಡರೆ ನೇಮ. ಪ್ಲೇಯರ್‌ಗೆ ಕೊಟ್ಟಷ್ಟೇ ಗಮನವನ್ನು ಇಯರ್‌ಫೋನ್‌ಗೂ ಕೊಟ್ಟೆವು. ಕಿವಿಗೆ ಸರಿಯಾಗಿ ಕೂರದಿದ್ದರೆ ಹೊರಗಿನ ಗದ್ದಲ ನುಗ್ಗುತ್ತದೆ. ಗದ್ದಲ ಮೀರಲು ಕೈ ತಾನಾಗಿ ವಾಲ್ಯೂಮಿಗೆ ಹೋಗುತ್ತದೆ. ಬಸ್ಸಿನಲ್ಲಿ ಆಗುವುದು ಇದೇ.

ಯಂತ್ರವಿಲ್ಲದೆ ಪರೀಕ್ಷಿಸುವ ಸುಲಭ ಉಪಾಯವೊಂದಿದೆ. ಮಗು ಹಾಡು ಕೇಳುವಾಗ ಒಂದು ತೋಳಿನಷ್ಟು ದೂರ ನಿಂತು ಸಹಜ ದನಿಯಲ್ಲಿ ಮಾತಾಡಿಸಿ. ಉತ್ತರ ಬಾರದಿದ್ದರೆ ಸದ್ದು ಹೆಚ್ಚಾಗಿದೆ ಎಂದರ್ಥ. ಕೇಳಿ ಮುಗಿಸಿದ ಮೇಲೆ ಕಿವಿ ಗುಂಯ್‌ಗುಟ್ಟಿದರೆ, ಅದು ಕಿವಿ ಕೊಡುವ ದೂರು. ಮರುದಿನವೂ ಹಾಗೆಯೇ ಇದ್ದರೆ ವೈದ್ಯರಿಗೆ ತೋರಿಸಿ.

ಇನ್ನೆರಡು ಮಾತು. ರಸ್ತೆ ದಾಟುವಾಗ, ಸೈಕಲ್ ತುಳಿಯುವಾಗ ಎರಡೂ ಕಿವಿ ಖಾಲಿಯಿರಲಿ. ಪ್ಲೇಯರ್‌ನ್ನು ದಿಂಬಿನಡಿ ಇಟ್ಟು ಚಾರ್ಜ್ ಮಾಡಬೇಡಿ. ಬ್ಯಾಟರಿ ಉಬ್ಬಿದಂತೆ ಕಂಡರೆ ಬಳಸುವುದನ್ನು ಆ ಕ್ಷಣವೇ ನಿಲ್ಲಿಸಿ.

ಒಳಗೆ ಏನು ತುಂಬುವುದು?

ಡಬ್ಬಿ ಮನೆಗೆ ಬಂದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. ಫೋನಿನ ಹಾಡಿನ ಆ್ಯಪ್‌ಗಳಲ್ಲಿ ‘ಡೌನ್‌ಲೋಡ್’ ಮಾಡಿಟ್ಟ ಹಾಡು ಆ ಆ್ಯಪ್‌ನೊಳಗೆ ಮಾತ್ರ ಹಾಡುತ್ತದೆ, ಸಾದಾ ಪ್ಲೇಯರ್‌ಗೆ ವರ್ಗಾಯಿಸಲು ಬರುವುದಿಲ್ಲ. ಇದನ್ನು ಕೊಳ್ಳುವ ಮೊದಲೇ ತಿಳಿದಿರಬೇಕು. ಪುಕ್ಕಟೆ ಹಾಡು ಕೊಡುತ್ತೇವೆನ್ನುವ ಕಳ್ಳ ತಾಣಗಳಿಂದ ಹಾಡಿನ ಜೊತೆ ವೈರಸ್ಸೂ ಬರಬಹುದು, ಹಾಡಿದವರಿಗೆ ಕೂಲಿಯೂ ಸಿಗುವುದಿಲ್ಲ. ನೇಯ್ದವನಿಗೆ ಕೂಲಿ ಸಿಗದ ಸೀರೆಯನ್ನು ನಾನು ಮನೆಗೆ ತರುವವನಲ್ಲ. ಮನೆಯಲ್ಲಿದ್ದ ಹಳೆಯ ಸಿಡಿಗಳನ್ನು ಕಂಪ್ಯೂಟರಿನಲ್ಲಿ ಎಂಪಿ3 ಮಾಡಿಕೊಂಡೆವು. ಕೆಲವು ಹಾಡುಗಳನ್ನು ದುಡ್ಡು ಕೊಟ್ಟು ಪಡೆದೆವು. ಸಂಗೀತ ಪಾಠಗಳು ಅಮ್ಮನ ಫೋನಿನಿಂದ ಬಂದವು.

ಮೊಮ್ಮಗಳೂ ಒಂದು ಷರತ್ತು ಹಾಕಿದಳು: “ನಾನು ಏನ್ ಕೇಳ್ತಿದೀನಿ ಅಂತ ದಿನಾ ಕೇಳಬಾರ್ದು.” ಅವಳಮ್ಮನಿಗೆ ಇರಿಸುಮುರಿಸಾಯಿತು. ನನಗೆ ಮಾತು ನ್ಯಾಯವೆನಿಸಿತು. ಇಂಟರ್ನೆಟ್ ಇಲ್ಲದ, ಮನೆಯವರ ಕಣ್ಣೆದುರೇ ತುಂಬಿಸಿದ ಡಬ್ಬಿ ಅದು. ಅದರೊಳಗೆ ಇವತ್ತು ಯಾವ ಹಾಡು, ಎಷ್ಟು ಸಲ ಎಂಬುದು ಅವಳದಾಗಿರಲಿ. ಹದಿನಾಲ್ಕರ ವಯಸ್ಸಿಗೆ ಬೀಗವಿಲ್ಲದ ಮನೆಯಲ್ಲೂ ತನ್ನದೆಂಬ ಒಂದು ಮೂಲೆ ಬೇಕು. ಊಟದ ಹೊತ್ತಿನಲ್ಲಿ ಮಾತ್ರ ಪ್ಲೇಯರ್ ಗೂಡಿನಲ್ಲಿರಬೇಕು ಎಂದು ಎಲ್ಲರೂ ಒಪ್ಪಿದೆವು. ಆ ನಿಯಮ ದೊಡ್ಡವರ ಫೋನಿಗೂ ಅನ್ವಯ ಎಂದು ಅವಳು ಸೇರಿಸಿದಳು. ತಕರಾರು ಮಾಡಲು ಯಾರಿಗೂ ಬಾಯಿ ಇರಲಿಲ್ಲ.

ನಮ್ಮ ಪ್ಲೇಯರ್‌ನಲ್ಲಿ ಧ್ವನಿ ಮುದ್ರಿಸುವ ಬಟನ್ ಇದೆ. ಮೊಮ್ಮಗಳು ಅದನ್ನು ಅಜ್ಜಿಯ ಮುಂದೆ ಹಿಡಿದು ಸೋಬಾನೆ ಪದ, ರಾಗಿ ಬೀಸುವ ಪದ ಹಾಡಿಸಿದಳು. “ಮರೆತೇಹೋಗಿದೆ ಕಣೇ” ಎನ್ನುತ್ತಲೇ ಅವಳಜ್ಜಿ ಹದಿನೇಳು ಪದ ಹಾಡಿದಳು. ಯಾವ ಪುಸ್ತಕದಲ್ಲೂ ಬರೆದಿಟ್ಟಿರದ, ಅವಳ ತಾಯಿಯ ಬಾಯಿಂದ ಬಂದ ಪದಗಳು. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿ ಇದೆ, ಬೀದಿಯ ಸೊಪ್ಪಿನವಳ ಕೂಗಿದೆ. ಅವೂ ಇರಲಿ. ಎಂಪಿ3 ಮಾಡಿದರೆ ಈ ಹದಿನೇಳು ಪದ ಒಂದು ಸಿನಿಮಾ ಹಾಡಿನ ಸಿಡಿಯಷ್ಟೂ ಜಾಗ ಹಿಡಿಯುವುದಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲಿ ಪ್ಲೇಯರ್ ಇರಲಿ, ಫೋನೇ ಇರಲಿ, ಈ ಭಾನುವಾರ ಅಜ್ಜಿಯ ಅಥವಾ ತಾತನ ಒಂದು ಹಾಡನ್ನೋ ಕಥೆಯನ್ನೋ ಮುದ್ರಿಸಿಕೊಳ್ಳಿ. ಫೈಲಿಗೆ ಅವರ ಹೆಸರು, ಊರು, ತಾರೀಖು ಬರೆಯಿರಿ. ಎರಡು ಕಡೆ ಉಳಿಸಿಡಿ, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಆಮೇಲೆ ಮೆಲ್ಲಗಿನ ವಾಲ್ಯೂಮಿನಲ್ಲಿ ಕೇಳಿ. ನಿಮಗೂ ಎಪ್ಪತ್ತಾದಾಗ ಆ ದನಿಯನ್ನು ಕೇಳಬೇಕೆಂದರೆ ಡಬ್ಬಿಯೂ ಉಳಿದಿರಬೇಕು, ಕಿವಿಯೂ ಉಳಿದಿರಬೇಕು. ಡಬ್ಬಿಯನ್ನಾದರೆ ಮತ್ತೊಂದು ಕೊಳ್ಳಬಹುದು.